ನಳಿಗೆಯ ಮೇಲಿನ ಹೆಸರು: ಅಮೆರಿಕದ ಲಾಂಗ್‌ರೈಫಲ್‌ಗಳನ್ನು ಗುರುತಿಸುವ, ಉಳಿಸುವ ಬಗೆ



ಹಳೆಯ ಕೋವಿಯೊಂದನ್ನು ದಾಖಲೆಯಾಗಿ ಓದುವುದು ಹೇಗೆ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ. ನಾನು ಆರಿಸಿಕೊಂಡಿರುವುದು ಹದಿನೆಂಟನೆಯ ಶತಮಾನದ ಪೆನ್ಸಿಲ್ವೇನಿಯಾದಲ್ಲಿ ರೂಪುಗೊಂಡ ಲಾಂಗ್‌ರೈಫಲ್. ಅದರ ನಳಿಗೆಯ ಮೇಲೆ ಕಸುಬುದಾರ ಕೆಲವೊಮ್ಮೆ ತನ್ನ ಹೆಸರು ಕೆತ್ತುತ್ತಿದ್ದ, ಹಲವು ಸಲ ಕೆತ್ತದೆ ಬಿಡುತ್ತಿದ್ದ. ಸಹಿಯಿಲ್ಲದ ಕೋವಿಗಳನ್ನು ಗುರುತಿಸಲು ನಮಗಿರುವ ಗಟ್ಟಿ ಆಧಾರ ಸಹಿಯಿರುವ ಕೋವಿಗಳೇ. ಆದ್ದರಿಂದ ಒಂದು ಸಹಿ ಅಳಿಸಿಹೋದರೆ, ಅಥವಾ ಒಂದು ಸುಳ್ಳು ಸಹಿ ಸೇರಿಕೊಂಡರೆ, ಅದನ್ನು ನಂಬಿ ಹೆಸರು ಪಡೆದ ಕೋವಿಗಳೆಲ್ಲವೂ ಅನುಮಾನಕ್ಕೆ ಬೀಳುತ್ತವೆ. ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಮೊದಲು ವಸ್ತುವಿನ ಪರಿಚಯ. ಜರ್ಮನ್ ಮಾತಾಡುವ ನಾಡುಗಳಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ವಲಸೆ ಬಂದ ಬಂದೂಕು ಕಮ್ಮಾರರು ಲ್ಯಾಂಕಾಸ್ಟರ್, ರೀಡಿಂಗ್, ಲೆಬನಾನ್, ಯಾರ್ಕ್, ನ್ಯಾಜರೆತ್ ಊರುಗಳ ಸುತ್ತ ನೆಲೆಸಿದರು. ಅವರಿಗೆ ಗೊತ್ತಿದ್ದದ್ದು ಯೇಗರ್ ಎಂಬ ಬೇಟೆ ಕೋವಿ. ಅದರ ನಳಿಗೆ ಸುಮಾರು 30 ಅಂಗುಲ, ಬಾಯಿ ದೊಡ್ಡದು, ಗುಂಡು ಭಾರದ್ದು. ಹೊಸ ನಾಡಿನಲ್ಲಿ ಬೇಟೆಗಾರ ತಿಂಗಳುಗಟ್ಟಲೆ ಕಾಡಿನಲ್ಲಿರುತ್ತಿದ್ದ. ಸೀಸವನ್ನೂ ಮದ್ದನ್ನೂ ತಾನೇ ಹೊತ್ತೊಯ್ಯಬೇಕಿತ್ತು. ಎರಡು ಮೂರು ತಲೆಮಾರುಗಳಲ್ಲಿ ಕೋವಿಯ ರೂಪವೇ ಬದಲಾಯಿತು. ಎಂಟು ಮುಖದ ನಳಿಗೆ 42ರಿಂದ 46 ಅಂಗುಲಕ್ಕೆ ಬೆಳೆಯಿತು. ಬಾಯಿ ಅರ್ಧ ಅಂಗುಲಕ್ಕೋ ಅದಕ್ಕಿಂತ ಕಿರಿದಕ್ಕೋ ಇಳಿಯಿತು. ಕೋವಿಯ ಮರ ನಳಿಗೆಯ ತುದಿಯವರೆಗೂ ಚಾಚಿಕೊಂಡಿತು. ಅಲೆ ಅಲೆಯಾದ ನಾರಿನ ಮೇಪಲ್ ಮರವೇ ಹೆಚ್ಚಿನವರ ಆಯ್ಕೆ. ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ತಿರುಗಿಸಿ ಗುರಿಗೆ ಕಳಿಸುತ್ತಿದ್ದವು. ಕೊಬ್ಬು ಸವರಿದ ಬಟ್ಟೆಯ ಚೂರಿನಲ್ಲಿ ಗುಂಡನ್ನು ಸುತ್ತಿ ಗಜದಿಂದ ಒಳಕ್ಕೆ ತಳ್ಳಬೇಕು. ಆ ಬಟ್ಟೆ ಚೂರುಗಳನ್ನಿಡಲು ಕೋವಿಯ ಬುಡದಲ್ಲಿ ಒಂದು ಪುಟ್ಟ ಗೂಡು. ಪ್ಯಾಚ್‌ಬಾಕ್ಸ್ ಎನ್ನುತ್ತಾರೆ. ಮೊದಮೊದಲು ಅದಕ್ಕೆ ಜಾರುವ ಮರದ ಮುಚ್ಚಳವಿತ್ತು, ಆಮೇಲೆ ಕೀಲಿರುವ ಹಿತ್ತಾಳೆಯದು ಬಂತು. ಈ ಹಿತ್ತಾಳೆ ಮುಚ್ಚಳವನ್ನು ನೆನಪಿಟ್ಟುಕೊಳ್ಳಿ, ಅದರ ಬಗ್ಗೆ ಮುಂದೆ ಹೇಳುವುದಿದೆ.

ಇಷ್ಟು ದೂರದ ವಿಷಯ ನಮಗೇಕೆ ಎಂದು ಕೇಳುವವರಿಗೆ ಒಂದು ಸಂಗತಿ ಹೇಳುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕೊನೆಯ ಹಂತದಲ್ಲಿ, 1782ರಲ್ಲಿ, ಪೆನ್ಸಿಲ್ವೇನಿಯಾದವರು ತಮ್ಮ ವ್ಯಾಪಾರಿ ಹಡಗುಗಳನ್ನು ಕಾಯಲು ಒಂದು ಯುದ್ಧನೌಕೆಯನ್ನು ಸಜ್ಜುಗೊಳಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಹೈದರ್ ಅಲಿ. ಬ್ರಿಟಿಷರ ಜೊತೆ ಆಗ ಹೋರಾಡುತ್ತಿದ್ದ ನಮ್ಮ ಮೈಸೂರಿನ ಹೈದರನ ಹೆಸರೇ ಅದು. ಆ ವರ್ಷದ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ನಾಯಕ ಜೋಶುವಾ ಬಾರ್ನಿ ಆ ನೌಕೆಯಿಂದ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ. ಬಾರ್ನಿಯ ಜೀವನಕಥನದಲ್ಲಿ ಆ ನೌಕೆಯ ಮೇಲೆ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯ ರೈಫಲ್‌ಧಾರಿಗಳಿದ್ದ ಮಾತು ಬರುತ್ತದೆ. ಮೈಸೂರಿನ ದೊರೆಯ ಹೆಸರು ಹೊತ್ತ ಹಡಗಿನ ಮೇಲೆ ಪೆನ್ಸಿಲ್ವೇನಿಯಾದ ಗುರಿಕಾರರು! ಶ್ರೀರಂಗಪಟ್ಟಣದ ಇತಿಹಾಸ ಓದುವ ವಿದ್ಯಾರ್ಥಿಗಳು ಈ ಪುಟವನ್ನೂ ಓದಬೇಕೆಂಬುದು ನನ್ನ ಆಸೆ.

ಈಗ ಸಹಿಗೆ ಬರೋಣ. ಲಾಂಗ್‌ರೈಫಲ್ ಕೈಗೆ ಬಂದಾಗ ಮೊದಲು ನೋಡಬೇಕಾದ ಜಾಗ ನಳಿಗೆಯ ಮೇಲ್ಮುಖದ ಚಪ್ಪಟೆ ಪಟ್ಟಿ. ನಳಿಗೆಯ ಬುಡಕ್ಕೂ ಹಿಂದಿನ ಗುರಿಗಣ್ಣಿಗೂ ನಡುವಿನ ಆ ಜಾಗದಲ್ಲಿ ಸಾಮಾನ್ಯವಾಗಿ ಹೆಸರಿರುತ್ತದೆ. ಕೆಲವರು ಕೂಡಕ್ಷರದಲ್ಲಿ ಉಳಿಯಿಂದ ಕೆತ್ತಿದರು, ಕೆಲವರು ಬಿಡಿ ಅಕ್ಷರಗಳ ಅಚ್ಚು ಒತ್ತಿದರು. ಇನ್ನು ಕೆಲವರು ಬೆಳ್ಳಿಯ ಪುಟ್ಟ ತಗಡನ್ನು ನಳಿಗೆಯಲ್ಲಿ ಹುದುಗಿಸಿ ಅದರ ಮೇಲೆ ಬರೆದರು. ಲ್ಯಾಂಕಾಸ್ಟರಿನ ಜೇಕಬ್ ಡಿಕರ್ಟ್ ಹೆಸರನ್ನು ಈ ಕ್ಷೇತ್ರದಲ್ಲಿ ಕೇಳದವರಿಲ್ಲ. 1740ರಲ್ಲಿ ಜರ್ಮನಿಯ ಮೈಂಟ್ಸ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, 1822ರಲ್ಲಿ ತೀರಿಕೊಂಡವನು. ‘ಜೆ. ಡಿಕರ್ಟ್’ ಎಂಬ ಅವನ ಸಹಿ ಇಂದಿಗೂ ಹಲವು ನಳಿಗೆಗಳ ಮೇಲಿದೆ. ಅವನ ಕೋವಿ ದಕ್ಷಿಣದ ಬೆಟ್ಟಸೀಮೆಯಲ್ಲಿ ಎಷ್ಟು ಹೆಸರಾಗಿತ್ತೆಂದರೆ ಸ್ವಾತಂತ್ರ್ಯ ಯುದ್ಧದಲ್ಲಿ 1780ರ ಅಕ್ಟೋಬರ್ 7ರಂದು ನಡೆದ ಕಿಂಗ್ಸ್ ಮೌಂಟನ್ ಕಾಳಗದ ಕಥನಗಳಲ್ಲಿ ‘ಡೆಕರ್ಡ್ ರೈಫಲ್’ ಎಂದು ಕೋವಿಯ ಜಾತಿಗೇ ಅವನ ಹೆಸರು ಅಂಟಿಕೊಂಡಿದೆ. 1792ರಲ್ಲಿ ಹೊಸ ಸರ್ಕಾರ ಸೈನ್ಯಕ್ಕೆ ರೈಫಲ್‌ಗಳು ಬೇಕೆಂದು ಲ್ಯಾಂಕಾಸ್ಟರಿನ ಕಮ್ಮಾರರ ಮೊರೆಹೋದಾಗ ಗುತ್ತಿಗೆ ಪಡೆದವರಲ್ಲಿ ಅವನೂ ಒಬ್ಬ.

ಆದರೆ ಒಂದು ಕೋವಿಯಲ್ಲಿ ಒಂದೇ ಹೆಸರು ಇರಬೇಕೆಂದಿಲ್ಲ. ಹೊಸಬರು ತಪ್ಪುವುದು ಇಲ್ಲಿಯೇ. ಚಕಮಕಿ ಕಲ್ಲು ಕಚ್ಚಿ ಕಿಡಿ ಹಾರಿಸುವ ಭಾಗಕ್ಕೆ ಲಾಕ್ ಎನ್ನುತ್ತಾರೆ. ಅದರ ಪಟ್ಟಿಯ ಮೇಲೆ ಕೆಟ್ಲೆಂಡ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ನೀವು ಮತ್ತೆ ಮತ್ತೆ ಕಾಣುತ್ತೀರಿ. ಕೆಟ್ಲೆಂಡರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು. ಅವರ ಲಾಕ್‌ಗಳು ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಅಲ್ಲಿಂದ ಹಳ್ಳಿಯ ಕುಲುಮೆಗಳಿಗೆ ಹೋಗುತ್ತಿದ್ದವು. ಲಾಕ್‌ನ ಎಳೆತಂತಿ, ಹಲ್ಲು, ಮುಖಪಟ್ಟಿಯನ್ನು ಹದ ಮಾಡುವುದು ತುಂಬ ಹೊತ್ತು ತಿನ್ನುವ ಕೆಲಸ. ತಯಾರಾದದ್ದು ಅಗ್ಗಕ್ಕೆ ಸಿಗುವಾಗ ಕಸುಬುದಾರ ಅದನ್ನು ಕೊಂಡು ಜೋಡಿಸುತ್ತಿದ್ದ. ಹಾಗಾಗಿ ಲಾಕ್ ಮೇಲಿನ ಹೆಸರು ಲಾಕ್ ಮಾಡಿದವನದು ಅಥವಾ ಮಾರಿದವನದು. ಕೋವಿ ಕಟ್ಟಿದವನದೆಂದು ತಿಳಿಯಬಾರದು. ನಳಿಗೆಯದೂ ಇದೇ ಕತೆ. ರೀಡಿಂಗ್ ಬಳಿಯ ವಯೋಮಿಸಿಂಗ್ ಹಳ್ಳದ ನೀರಿನ ಬಲದಲ್ಲಿ ನಡೆಯುತ್ತಿದ್ದ ಕಮ್ಮಟಗಳು ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಮಡಿಸಿ, ಕಾಯಿಸಿ, ಬಡಿದು ಬೆಸೆದು ನಳಿಗೆಗಳನ್ನು ಮಾಡಿ ಬೇರೆಯವರಿಗೆ ಮಾರುತ್ತಿದ್ದವು. ಅಂಥ ನಳಿಗೆಯ ಹೊಟ್ಟೆಯಡಿ, ಮರದೊಳಗೆ ಅಡಗಿರುವ ಕಡೆ, ನಳಿಗೆ ಬಡಿದವನ ಗುರುತು ಇರಬಹುದು. ಮೇಲೆ ಇನ್ನೊಬ್ಬನ ಸಹಿ ಇರಬಹುದು. ಎರಡೂ ನಿಜವೇ. ಇವುಗಳ ಜೊತೆಗೆ ಒಡೆಯನ ಹೆಸರು ಬೇರೆ. ಮರದಲ್ಲಿ ಗೀಚಿದ್ದು, ಕೆನ್ನೆ ಒರಗಿಸುವ ಕಡೆಯ ಬೆಳ್ಳಿ ತಗಡಿನಲ್ಲಿ ಕೆತ್ತಿದ್ದು, ಹೀಗೆ. ಡೇನಿಯಲ್ ಬೂನ್‌ನಂಥ ಜನಪ್ರಿಯ ವೀರರ ಹೆಸರನ್ನು ಆಮೇಲೆ ಯಾರೋ ಗೀಚಿ ಬೆಲೆ ಏರಿಸಿರುವುದೂ ಉಂಟು.

ಹೆಸರು ಸಿಕ್ಕರೂ ಕೆಲಸ ಮುಗಿಯುವುದಿಲ್ಲ. ಅಪ್ಪ, ಮಗ, ಅಣ್ಣನ ಮಗ ಎಲ್ಲರೂ ಅದೇ ಕುಲುಮೆಯಲ್ಲಿ ಅದೇ ಹೆಸರಿನಿಂದ ದುಡಿದ ಮನೆತನಗಳಿವೆ. ಆಲ್ಬ್ರೆಕ್ಟ್ ಎಂದು ಜರ್ಮನ್ ರೀತಿಯಲ್ಲಿ ಬರೆದುಕೊಂಡ ಕುಟುಂಬ ಮುಂದೆ ಆಲ್‌ಬ್ರೈಟ್ ಆಯಿತು. ಬರೀ ಎರಡು ಅಕ್ಷರದ ಅಚ್ಚು ಸಿಕ್ಕರೆ ಅದಕ್ಕೆ ಹೊಂದುವ ಹೆಸರುಗಳು ಹಲವು ಸಿಗುತ್ತವೆ. ಆಗ ಸಂಶೋಧಕ ಊರಿನ ತೆರಿಗೆ ಪಟ್ಟಿಗಳನ್ನೂ ಉಯಿಲುಗಳನ್ನೂ ಚರ್ಚಿನ ಹುಟ್ಟು, ಮದುವೆ, ಸಾವಿನ ದಾಖಲೆಗಳನ್ನೂ ಹುಡುಗರನ್ನು ಕಸುಬಿಗೆ ಒಪ್ಪಿಸುವ ಕರಾರುಪತ್ರಗಳನ್ನೂ ತೆರೆಯಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ ಒಬ್ಬನನ್ನು ತೆರಿಗೆಯವನು ಬಂದೂಕು ಕಮ್ಮಾರ ಎಂದು ಬರೆದಿದ್ದಾನೋ ಆ ಅವಧಿ ಕೋವಿಯ ರೂಪಕ್ಕೆ ಹೊಂದಬೇಕು. ನಾರ್ತ್ ಕೆರೊಲೈನಾದ ವಿನ್‌ಸ್ಟನ್-ಸೇಲಂನಲ್ಲಿರುವ ಆರಂಭಕಾಲದ ದಕ್ಷಿಣ ಅಲಂಕಾರ ಕಲೆಗಳ ಸಂಗ್ರಹಾಲಯವು ಇಂಥ ದಾಖಲೆಗಳಿಂದ ಕಸುಬುದಾರರ ಹೆಸರುಗಳನ್ನು ಹೆಕ್ಕಿ ಕಟ್ಟಿರುವ ಮಾಹಿತಿ ಭಂಡಾರ ಈ ಕೆಲಸಕ್ಕೆ ದೊಡ್ಡ ಆಸರೆ.

ಸಹಿಯಿಲ್ಲದವುಗಳ ಪಾಡೇನು? ಸ್ವಾತಂತ್ರ್ಯ ಯುದ್ಧಕ್ಕೆ ಮುಂಚಿನ ಕೋವಿಗಳಲ್ಲಿ ಸಹಿ, ಇಸವಿ ಎರಡೂ ಅಪರೂಪ. ಗಿರಾಕಿ ಅದೇ ಊರಿನವನು, ಮಾಡಿದವನು ಯಾರೆಂದು ಅವನಿಗೆ ಗೊತ್ತೇ ಇತ್ತು. ಹೆಸರು ಬರೆಯುವ ಅಗತ್ಯ ಯಾರಿಗೂ ಕಾಣದಿದ್ದಿರಬಹುದು. ಇಲ್ಲಿ ಕೆಲಸಕ್ಕೆ ಬರುವುದು ಕೈಯ ಗುರುತು. ಬೇಲೂರು, ಸೋಮನಾಥಪುರಗಳಲ್ಲಿ ದಾಸೋಜ, ಮಲ್ಲಿತಮ್ಮರ ಹೆಸರು ಕೆತ್ತಿದ ವಿಗ್ರಹವನ್ನು ಮುಂದಿಟ್ಟುಕೊಂಡು ಹೆಸರಿಲ್ಲದ ವಿಗ್ರಹದ ಆಭರಣ, ಬಳ್ಳಿ, ಬೆರಳುಗಳನ್ನು ಹೋಲಿಸುವ ನಮ್ಮ ಕಲಾ ಇತಿಹಾಸಕಾರರ ದಾರಿಯೇ ಇದು. ಲ್ಯಾಂಕಾಸ್ಟರ್ ಕಡೆಯ ಹಿತ್ತಾಳೆ ಪ್ಯಾಚ್‌ಬಾಕ್ಸಿನ ತುದಿಯಲ್ಲಿ ಡೇಸಿ ಹೂವಿನ ಆಕಾರ ಮೇಲಿಂದ ಮೇಲೆ ಬರುತ್ತದೆ, ಕೋವಿಯ ಬುಡದ ಗೆರೆ ನೇರವಾಗಿರುತ್ತದೆ. ಲೀಹೈ ಕಣಿವೆಯ ಕೋವಿಯ ಬುಡ ರೋಮನ್ ಮೂಗಿನ ಹಾಗೆ ಬಾಗಿದೆ, ದೂರದಿಂದಲೇ ತಿಳಿಯುತ್ತದೆ. ಬೆಡ್‌ಫರ್ಡ್ ಕೌಂಟಿಯವು ತೀರ ತೆಳುಮೈಯವು, ಅವುಗಳ ಲಾಕ್ ಪಟ್ಟಿಯೂ ಉದ್ದ, ಕಿರಿದು. ಲೆಬನಾನಿನ ಜಾನ್ ಫಿಲಿಪ್ ಬೆಕ್ ಮರದ ಮೇಲೆ ಉಬ್ಬುಕೆತ್ತನೆ ಮಾಡುವುದರಲ್ಲಿ ನಿಪುಣ. ಅದೇ ಸೀಮೆಯ ನಿಕೊಲಸ್ ಬೇಯರ್‌ನ ಕೋವಿಗಳಲ್ಲಿ ಬೆಕ್‌ನ ಕೈಯ ನೆರಳು ಕಾಣುತ್ತದೆಂದು ಬಲ್ಲವರು ಹೇಳುತ್ತಾರೆ. ಗುರುಶಿಷ್ಯ ಸಂಬಂಧ ಹೀಗೆ ಮರದಲ್ಲೇ ಉಳಿದಿರುತ್ತದೆ. ಇದನ್ನೆಲ್ಲ ಮೊದಲು ವ್ಯವಸ್ಥಿತವಾಗಿ ಕಣ್ಣಿಗೆ ಕಟ್ಟಿದವರಲ್ಲಿ ಯಾರ್ಕ್ ಊರಿನ ಪುರಾತನ ವಸ್ತು ವ್ಯಾಪಾರಿ ಜೋ ಕಿಂಡಿಗ್ ಪ್ರಮುಖರು. 1960ರಲ್ಲಿ ಬಂದ ಅವರ ದೊಡ್ಡ ಪುಸ್ತಕ ಕೋವಿಗಳನ್ನು ಸೀಮೆವಾರು, ಕಸುಬುದಾರರ ವಾರು ಅಕ್ಕಪಕ್ಕದಲ್ಲಿಟ್ಟು ತೋರಿಸಿತು. ಅದಕ್ಕೂ ಮೊದಲು, 1924ರಲ್ಲೇ, ಕ್ಯಾಪ್ಟನ್ ಜಾನ್ ಡಿಲ್ಲಿನ್ ಈ ವಿಷಯದ ಮೇಲೆ ಪುಸ್ತಕ ಬರೆದಿದ್ದರು. ಆಮೇಲೆ ಜಾರ್ಜ್ ಶಮ್‌ವೇ ವಸಾಹತು ಕಾಲದ ರೈಫಲ್‌ಗಳ ಮೇಲೆ ಎರಡು ಸಂಪುಟ ತಂದರು. ಇವರೆಲ್ಲರ ವರ್ಗೀಕರಣ ನಿಂತಿರುವುದು ಸಹಿ ಇರುವ ಕೋವಿಗಳ ಮೇಲೆ. ಅಡಿಗಲ್ಲು ಅಲುಗಿದರೆ ಮೇಲಿನ ಗೋಡೆ ನಿಲ್ಲದು.

ಆ ಕಾರಣಕ್ಕೇ ಸುಳ್ಳು ಸಹಿ ನನಗೆ ಕಳ್ಳತನಕ್ಕಿಂತ ದೊಡ್ಡ ಅಪರಾಧವಾಗಿ ಕಾಣುತ್ತದೆ. ಕದ್ದ ಕೋವಿ ಎಲ್ಲೋ ಇದ್ದೇ ಇರುತ್ತದೆ, ಮರಳಿ ಸಿಗಬಹುದು. ಸುಳ್ಳು ಸಹಿ ಪುಸ್ತಕಕ್ಕೆ ಸೇರಿತೆಂದರೆ ಅದನ್ನು ನಂಬಿ ಬರೆದ ಪ್ರತಿ ಸಾಲೂ ಕೆಡುತ್ತದೆ. ಸಹಿಯನ್ನು ಪರೀಕ್ಷಿಸುವ ಬಗೆ ಹೇಳುತ್ತೇನೆ. ಬೆಳಕನ್ನು ಎದುರಿನಿಂದ ಬಿಡಬೇಡಿ. ನಳಿಗೆಯ ಮೈಗೆ ತಾಗಿಯೂ ತಾಗದ ಹಾಗೆ ಪಕ್ಕದಿಂದ ಬಿಡಿ. ಮಾಸಿದ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಹೆಸರು ಎದ್ದು ಬರುತ್ತದೆ. ಆಮೇಲೆ ಭೂತಗನ್ನಡಿ. ಹಳೆಯ ಕೊರೆತದ ಅಂಚು ಸುತ್ತಲಿನ ಲೋಹ ಎಷ್ಟು ಸವೆದಿದೆಯೋ ಅಷ್ಟೇ ಸವೆದಿರುತ್ತದೆ, ತಳದ ಬಣ್ಣ ಸುತ್ತಲಿನ ಕಂದು ಬಣ್ಣವೇ ಆಗಿರುತ್ತದೆ. ಹೊಸದರ ಅಂಚು ಚೂಪು, ತಳ ಹೊಳಪು, ಅಥವಾ ಆಸಿಡ್ ಹಚ್ಚಿದ ಒಂದೇ ಹದದ ಕಪ್ಪು. ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ತುಕ್ಕಿನ ಗುಳಿ. ಅಕ್ಷರ ಮೊದಲಿದ್ದು ತುಕ್ಕು ಆಮೇಲೆ ಬಂದಿದ್ದರೆ ಗುಳಿ ಅಕ್ಷರವನ್ನು ತಿಂದಿರುತ್ತದೆ. ತುಕ್ಕು ಮೊದಲು ಬಂದು ಅಕ್ಷರ ಆಮೇಲೆ ಬಂದಿದ್ದರೆ ಉಳಿ ಆ ಗುಳಿಯನ್ನು ದಾಟುವಾಗ ತಡವರಿಸಿರುತ್ತದೆ, ಗೆರೆ ಗುಳಿಯ ಅಂಚಿನಲ್ಲಿ ಹರಿದಿರುತ್ತದೆ. ಇದನ್ನು ಅರಿಯಲು ಉಪಕರಣ ಹಿಡಿದ ಅನುಭವ ಬಹಳ ನೆರವಾಗುತ್ತದೆ. 1960ರ ದಶಕದಲ್ಲಿ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಎಂಬ ಇತಿಹಾಸ ಸಂಗ್ರಹಾಲಯದಲ್ಲಿ ವಾಲೇಸ್ ಗಸ್ಲರ್ ಹಳೆಯ ಕ್ರಮದಲ್ಲೇ, ಕಬ್ಬಿಣದ ಪಟ್ಟಿಯಿಂದ ತೊಡಗಿ, ಪೂರಾ ಕೈಯಿಂದಲೇ ರೈಫಲ್ ಕಟ್ಟಿ ತೋರಿಸಿದರು. ಆ ಕೆಲಸದ ಚಿತ್ರ 1969ರಲ್ಲಿ ಬಂತು. ಅರ ಉಜ್ಜಿದ ಗೆರೆ ಹೇಗೆ ಕಾಣುತ್ತದೆ, ಕೈಯ ಉಳಿ ತಿರುವಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ನನ್ನಂಥವರು ಅಂಥ ಚಿತ್ರಗಳಿಂದಲೇ ಕಲಿತದ್ದು.

ಸುಳ್ಳು ಇರುವುದು ಸಹಿಯಲ್ಲಿ ಮಾತ್ರವಲ್ಲ. 1820ರ ದಶಕದಿಂದ ಮುಂದೆ ಚಕಮಕಿ ಕೋವಿಗಳನ್ನು ಬಡಿದರೆ ಸಿಡಿಯುವ ಕೇಪಿನ ಕೋವಿಗಳಾಗಿ ಬದಲಾಯಿಸುವುದು ಎಲ್ಲೆಡೆ ನಡೆಯಿತು. ಅದು ಒಡೆಯ ತನ್ನ ಅನುಕೂಲಕ್ಕೆ ಮಾಡಿಸಿಕೊಂಡ ಪ್ರಾಮಾಣಿಕ ಬದಲಾವಣೆ. ಕೋವಿಯ ಬದುಕಿನ ಒಂದು ಭಾಗ. ಇಪ್ಪತ್ತನೆಯ ಶತಮಾನದ ಸಂಗ್ರಾಹಕರು ಹಲವರು ಅದನ್ನು ಮತ್ತೆ ಚಕಮಕಿಗೆ ತಿರುಗಿಸಿದರು. ಹಾಗೆ ಮಾಡಿದ್ದನ್ನು ಬರೆದಿಟ್ಟರೆ ಅದು ದುರಸ್ತಿ; ಬರೆದಿಡದೆ ಮೂಲದ್ದೆಂದು ಮಾರಿದರೆ ವಂಚನೆ.

ಸಂರಕ್ಷಣೆಯ ವಿಚಾರದಲ್ಲಿ ಮೊದಲ ಮಾತು ಪ್ರಾಣದ್ದು. ಹಳೆಯ ಕೋವಿಗಳಲ್ಲಿ ಈಡು ತುಂಬಿಯೇ ಉಳಿದಿರುವುದು ಅಪರೂಪವಲ್ಲ, ಒಣಗಿಯೇ ಇರುವ ಕರಿಮದ್ದು ಶತಮಾನ ಕಳೆದರೂ ಸಿಡಿಯಬಲ್ಲದು. ಮರದ ಕಡ್ಡಿಯೊಂದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು ಬಾಯಿಯ ಮಟ್ಟಕ್ಕೆ ಗುರುತು ಮಾಡಿ. ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದಾಗ ಕಡ್ಡಿ ಬುಡದವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆಯೆಂದು ಅರ್ಥ. ಅದನ್ನು ಬಲ್ಲವರಿಗೆ ಒಪ್ಪಿಸಿ.

ಎರಡನೆಯ ಮಾತು ಹೊಳಪಿನ ಆಸೆಯದು. ಮನೆಯವರು ಅಜ್ಜನ ಕೋವಿಯನ್ನು ಪ್ರೀತಿಯಿಂದಲೇ ಉಕ್ಕಿನ ನಾರಿನಿಂದ ತಿಕ್ಕುತ್ತಾರೆ, ಮರಕ್ಕೆ ಉಪ್ಪುಕಾಗದ ಉಜ್ಜಿ ಅಗಸೆ ಎಣ್ಣೆ ಬಳಿಯುತ್ತಾರೆ, ಹಿತ್ತಾಳೆಯನ್ನು ಹಬ್ಬದ ದೀಪದ ಹಾಗೆ ಬೆಳಗುತ್ತಾರೆ. ಕಬ್ಬಿಣದಲ್ಲಿ ಕೆತ್ತಿದ ಹೆಸರಿನ ಆಳ ಕೂದಲೆಳೆಯಷ್ಟು. ಕೆಲವು ಸಲ ಹೀಗೆ ತಿಕ್ಕಿದರೆ ಡಿಕರ್ಟ್ ಇರಲಿ, ಬೆಕ್ ಇರಲಿ, ಅವನು ಎಲ್ಲರಂತೆ ಹೆಸರಿಲ್ಲದವನಾಗುತ್ತಾನೆ. ಎರಡು ಶತಮಾನದ ಹೊಗೆ, ಬೆವರು, ಗಾಳಿ ಸೇರಿ ಕಟ್ಟಿದ ಕಂದು ಪೊರೆ ನಿಂತುಹೋದ ತುಕ್ಕು. ಅದು ಲೋಹವನ್ನು ಕಾಯುತ್ತಿದೆ. ಕೆಂಪಗೆ ಪುಡಿಯಾಗಿ ಉದುರುವುದು ಮಾತ್ರ ಜೀವಂತ ತುಕ್ಕು, ಅದನ್ನು ತಡೆಯಬೇಕು. ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ಕಬ್ಬಿಣವನ್ನು ಕೊರೆಯುತ್ತದೆ. ಧೂಳು ಒರೆಸಿ, ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪಿಸಿದ ಬಗೆಯ ಸೂಕ್ಷ್ಮಸ್ಫಟಿಕ ಮೇಣವನ್ನು ತೆಳ್ಳಗೆ ಹಚ್ಚಿದರೆ ಸಾಕು. ಗಾಳಿಯ ತೇವ ಶೇಕಡಾ 50ರ ಆಸುಪಾಸಿನಲ್ಲಿ ಏರುಪೇರಿಲ್ಲದೆ ಇರಲಿ. ಕಬ್ಬಿಣಕ್ಕೆ ಇನ್ನೂ ಒಣಗಾಳಿ ಹಿತ, ಮೇಪಲ್ ಮರ ಅಷ್ಟು ಒಣಗಿದರೆ ಸೀಳುತ್ತದೆ. ಎರಡನ್ನೂ ಉಳಿಸುವ ನಡುವಣ ದಾರಿ ಇದು. ಕೋವಿಯ ಮಣಿಕಟ್ಟಿನಲ್ಲಿ, ಅಂದರೆ ಕೈ ಹಿಡಿಯುವ ಕಿರಿದಾದ ಕಡೆ, ಮರ ಮುರಿದು ಹಿಂದೆ ಯಾರೋ ಹಿತ್ತಾಳೆ ತಗಡು ಸುತ್ತಿ ಬಿಗಿದಿದ್ದರೆ ಅದನ್ನು ಕೀಳಬೇಡಿ. ಅದನ್ನು ಬಿಗಿದವನೂ ಒಬ್ಬ ಕಸುಬುದಾರನೇ.

ನಳಿಗೆಯನ್ನು ಮರದಿಂದ ಬಿಡಿಸಬೇಕೆ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಹೊಟ್ಟೆಯಡಿ ಗುರುತು ಇರಬಹುದೆಂಬ ಆಸೆ ದೊಡ್ಡದು. ನಳಿಗೆಯನ್ನು ಹಿಡಿದಿಡುವ ಸಣ್ಣ ಆಣಿಗಳನ್ನು ತಪ್ಪು ಕಡೆಯಿಂದ ಬಡಿದರೆ ಮರದ ಚೂರು ಹಾರಿಹೋಗುತ್ತದೆ. ಬುಡದ ತಿರುಪಿಗೆ ಹೊಂದದ ತಿರುಪುಳಿ ಹಾಕಿದರೆ ಅದರ ತಲೆ ಕೆಡುತ್ತದೆ. ನುರಿತವರು, ಅಗತ್ಯ ಕಂಡಾಗ, ಒಂದೇ ಸಲ ಬಿಚ್ಚಬೇಕು. ಬಿಚ್ಚಿದ ಆ ಸಲವೇ ನಳಿಗೆಯ ಅಡಿಯ ಪ್ರತಿ ಅಚ್ಚನ್ನೂ ಮರದ ಒಳಗಾಲುವೆಯ ಉಳಿಗೆರೆಗಳನ್ನೂ ಅಳತೆಪಟ್ಟಿಯೊಂದಿಗೆ ಚಿತ್ರ ತೆಗೆದು ಬರೆದಿಡಬೇಕು.

ಬರೆದಿಟ್ಟದ್ದು ಹೇಗೆ ಕಾಯುತ್ತದೆಂಬುದಕ್ಕೆ ಈಚಿನ ಪ್ರಕರಣವೊಂದಿದೆ. ನ್ಯಾಜರೆತ್ ಬಳಿ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬಲ್ಲಿ ಮೊರೇವಿಯನ್ ಪಂಥದವರ ನೆಲೆಯಿತ್ತು. ಅಲ್ಲಿನ ಬಂದೂಕು ಕುಲುಮೆಯನ್ನು ಆಂಡ್ರಿಯಾಸ್ ಆಲ್ಬ್ರೆಕ್ಟ್ ನಂತರ ನಡೆಸಿದವನು ಕ್ರಿಶ್ಚಿಯನ್ ಓರ್ಟರ್. 1777ರಲ್ಲಿ ತೀರಿಕೊಂಡ. ಸಹಿಯ ಜೊತೆ ಇಸವಿಯನ್ನೂ ಕೆತ್ತಿದ ಅಪರೂಪದವನು ಅವನು. ಯುದ್ಧ ಶುರುವಾದ 1775ರ ಇಸವಿಯಿರುವ ಅವನ ರೈಫಲ್ ಆ ಕಾಲದ ಕೋವಿಗಳನ್ನೆಲ್ಲ ಅಳೆಯುವ ಮಾನದಂಡಗಳಲ್ಲಿ ಒಂದು. ವ್ಯಾಲಿ ಫೋರ್ಜ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಅದನ್ನು 1971ರ ಅಕ್ಟೋಬರ್ 2ರಂದು ಕದ್ದರು. ಸುಮಾರು ಅರ್ಧ ಶತಮಾನ ಅದರ ಸುಳಿವಿರಲಿಲ್ಲ. 2018ರಲ್ಲಿ ಪೆನ್ಸಿಲ್ವೇನಿಯಾದ ಕಣಜವೊಂದರಲ್ಲಿ ನಡೆದ ಮಾರಾಟದಲ್ಲಿ ಪುರಾತನ ವಸ್ತು ವ್ಯಾಪಾರಿಯೊಬ್ಬರು ಅದನ್ನು ಕೊಂಡರು. ಮೊದಲು ಅವರು ಅದನ್ನು ನಕಲೆಂದೇ ತಿಳಿದರು, ಅಸಲಿ ಕೋವಿ ಹೀಗೆ ಸಿಗುವುದು ನಂಬುವ ಮಾತಾಗಿರಲಿಲ್ಲ. ಪರಿಶೀಲಿಸಿದಾಗ ಸತ್ಯ ತಿಳಿಯಿತು, ಕೋವಿಯನ್ನು ಅಧಿಕಾರಿಗಳಿಗೆ ಒಪ್ಪಿಸಿದರು. 2019ರಲ್ಲಿ ಅದು ಫಿಲಡೆಲ್ಫಿಯಾದ ಅಮೆರಿಕನ್ ಕ್ರಾಂತಿಯ ಸಂಗ್ರಹಾಲಯದಲ್ಲಿ ಮತ್ತೆ ಜನರ ಮುಂದೆ ಬಂತು. ಆ ಐದು ದಶಕಗಳಲ್ಲಿ ಯಾರಾದರೂ ನಳಿಗೆಯನ್ನು ಉಜ್ಜಿ ಹೊಳಪೇರಿಸಿದ್ದರೆ, ಅಥವಾ ಕದಿಯುವ ಮೊದಲೇ ಅದನ್ನು ಬಲ್ಲವರು ವಿವರವಾಗಿ ದಾಖಲಿಸದೆ ಇದ್ದಿದ್ದರೆ, ಅದು ನಕಲಿನ ಬೆಲೆಗೆ ಇನ್ನೊಂದು ಕೈಗೆ ಹೋಗಿರುತ್ತಿತ್ತು.

ಇಂದಿನ ವಿದ್ಯಾರ್ಥಿಗಳಿಗೆ ಇನ್ನೂ ದೊಡ್ಡ ಕೆಲಸ ಉಳಿದಿದೆ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾ, ಕೆರೊಲೈನಾಗಳ ದಾಖಲೆಗಳಲ್ಲಿ ಬಂದೂಕು ಕಮ್ಮಾರರೆಂದು ನಮೂದಾದ ಅನೇಕರ ಒಂದು ಕೋವಿಯೂ ಗುರುತಾಗಿಲ್ಲ. ಇನ್ನೊಂದು ಕಡೆ, ಒಳ್ಳೆಯ ಕೈಕೆಲಸದ ಎಷ್ಟೋ ಕೋವಿಗಳು ‘ಕಸುಬುದಾರ ತಿಳಿಯದು’ ಎಂಬ ಚೀಟಿಯೊಂದಿಗೆ ಸಂಗ್ರಹಾಲಯಗಳಲ್ಲಿವೆ. ಕಬ್ಬಿಣದ ಬಿಡಿಭಾಗಗಳಿರುವ ದಕ್ಷಿಣದ ಬೆಟ್ಟಸೀಮೆಯ ಕೋವಿಗಳಲ್ಲಂತೂ ಸಹಿ ಬಹಳ ಕಡಿಮೆ. ಈ ಎರಡು ಪಟ್ಟಿಗಳು ಒಂದನ್ನೊಂದು ಸೇರುವುದು ನಳಿಗೆಯ ಅಡಿಯ ಎರಡಕ್ಷರದ ಅಚ್ಚಿನಿಂದ, ಪ್ಯಾಚ್‌ಬಾಕ್ಸಿನ ಒಂದು ತಿರುವಿನಿಂದ, ಉಯಿಲಿನಲ್ಲಿ ಮಗನಿಗೆ ಬಿಟ್ಟ ಉಪಕರಣಗಳ ಪಟ್ಟಿಯಿಂದ. ಹಾಗಾಗಿ ಸಂಗ್ರಹಾಲಯಕ್ಕೆ ಹೆಸರಿಲ್ಲದ ಕೋವಿಯೊಂದು ಬಂದಾಗ ಅದನ್ನು ಸಹಿಯಿರುವ ಕೋವಿಯಷ್ಟೇ ಪೂರ್ಣವಾಗಿ ಅಳೆದು, ಚಿತ್ರ ತೆಗೆದು, ಏನನ್ನೂ ಉಜ್ಜದೆ, ಯಾವ ಮನೆಯಿಂದ, ಯಾವ ಊರಿನಿಂದ ಬಂತೆಂದು ಬರೆದಿಡಿ ಎಂದು ಕೇಳಿಕೊಳ್ಳುತ್ತೇನೆ.